ಮೇಕೆ ಮೂಸದ ಕಾಡು

ಬಂಗಾರಪೇಟೆ, 12-3-1964

ಅಕ್ಕನಿಗೆ ನಮಸ್ಕಾರ.

ರೈಲಿಗೆ ಇನ್ನೂ ಹೊತ್ತಿದ್ದುದರಿಂದ, ನಿನ್ನ ಸಿಹಿಮೂತ್ರದ ಕಾಯಿಲೆಗೆ ಮಧುನಾಶಿನಿ ಸೊಪ್ಪು ತರೋಣವೆಂದು ಮಧ್ಯಾಹ್ನ ಬೂದಿಕೋಟೆಯ ಗುಡ್ಡ ಹತ್ತಿದೆ. ಅಪ್ಪ ಅಜ್ಜಿಗೆಂದು ಕಿತ್ತು ತರುತ್ತಿದ್ದ ಜಾಗದಲ್ಲಿ ಒಂದು ಬಳ್ಳಿಯೂ ಇಲ್ಲ. ಎಲ್ಲವನ್ನೂ ಸವರಿ, ಸಾಲಾಗಿ ನೀಲಗಿರಿ ನೆಟ್ಟು, ಮುಳ್ಳುತಂತಿ ಬಿಗಿದಿದ್ದಾರೆ. ಅದಕ್ಕೆ ‘ಕಾಯ್ದಿಟ್ಟ ಅರಣ್ಯ’ ಎಂಬ ಫಲಕ ಬೇರೆ! ಹೊರಗೆ ಮೇಕೆ ಕಾಯುತ್ತಿದ್ದ ಪಿಳ್ಳಮ್ಮನೆಂಬ ಮುದುಕಿಯನ್ನು ವಿಚಾರಿಸಿದೆ.

“ಮೇಕೆ ನುಗ್ತವೆ ಅಂತ ಬೇಲಿ ಆಕವ್ರೆ ಸಾಮಿ. ಈ ನೀಲಗಿರಿ ಸೊಪ್ಪ ಮೇಕೆ ಮೂಸೋದೂ ಇಲ್ಲ! ನೆಗಡಿಗೆ ಬೇಕಾದ್ರೆ ತಗಂಡೋಗಿ” ಎಂದು ನಕ್ಕಳು.

ಕೋಲಾರದ ಕೆಲಸ ಮುಗಿಸಿ ನಾನು ಬರುವುದು ಭಾನುವಾರ, ಅದೂ ಬರಿಗೈಯಲ್ಲಿ. ಕಾಲಿನ ಹುಣ್ಣು ಕಪ್ಪಾಗಿದೆಯೆಂದು ನೀನು ಬರೆದಿದ್ದೆ. ಇನ್ನು ಸೊಪ್ಪಿಗೆಂದು ಕಾಯಬೇಡ; ಕಾರ್ಡು ತಲುಪಿದ ದಿನವೇ ಡಾಕ್ಟರಿಗೆ ತೋರಿಸು. ರೈಲು ಬಂತು.

ನಿನ್ನ ತಮ್ಮ,
ಕೋದಂಡ