ಮಾರಿ ಎಂದು ಅಟ್ಟಿದ ಟಗರು

ಅವ್ವಾ,

ನಿನ್ನ ತಿಥಿ ಮುಗಿದ ಮಾರನೆಯ ದಿನ ಚಿಕ್ಕಪ್ಪ ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತ. ನೀನು ಬಟ್ಟಲಲ್ಲಿ ಹಾಲು ಕುಡಿಸಿ ಮಗುವಿನ ಹಾಗೆ ಸಾಕಿದ ಟಗರು ಕೆಂಚನ ಬೆನ್ನು ಹಿಸುಕಿ ನೋಡಿ, “ನಮ್ ಬಂಡೂರು ಕುರಿ ಬಾಯಲ್ಲಿಟ್ರೆ ಕರಗ್ತದೆ ಕಣ್ಲಾ. ಇನ್ಯಾಕ್ ಇದ್ನ ಮಡೀಕಂಡಿದ್ದೀಯೆ?” ಎಂದ. ತಿಥಿಯ ಊಟ ಅವನಿಗೆ ಇನ್ನೂ ಅರಗಿರಲಿಲ್ಲ. ಇಂಥವರ ಕೈಗೆ ಸಿಗಬಾರದೆಂದೇ ಅಲ್ಲವೇ, ಟಗರನ್ನು ನಿಡಘಟ್ಟದ ಅಕ್ಕನ ಮನೆಗೆ ಮುಟ್ಟಿಸು ಎಂದು ನೀನು ಕೊನೆಗಾಲದಲ್ಲಿ ನನ್ನಿಂದ ಭಾಷೆ ತೆಗೆದುಕೊಂಡದ್ದು? ಮಂಡ್ಯದಲ್ಲಿ ನಾನಿರುವ ವಠಾರದಲ್ಲಿ ಕೋಳಿ ಸಾಕಲೂ ಬಿಡುವುದಿಲ್ಲ. ಭಾಷೆ ಕೊಟ್ಟೆ. ಆಮೇಲೆ ನಡೆದದ್ದರ ಬಗ್ಗೆ ಅಕ್ಕನಿಗೆ ಸುಳ್ಳು ಬರೆದಿದ್ದೇನೆ. ನಿನಗೆ ಬರೆಯಲಾರೆ.

ದನದ ಡಾಕ್ಟರು ಮೊದಲ ಸಲ ನಮ್ಮೂರಿಗೆ ಸೂಜಿ ತಂದ ದಿನ ನೆನಪಿದೆಯೇ? ಗಂಡಸರೆಲ್ಲ ದನ ಹೊಡೆದುಕೊಂಡು ಕೆರೆಯ ಹಿಂದೆ ಅಡಗಿದರು. ನೀನೊಬ್ಬಳೇ ಕೆಂಚನನ್ನು ಎಳೆದುಕೊಂಡು ಬಂದು, “ಮೊದ್ಲು ನಮ್ ಟಗರಿಗೆ ಚುಚ್ಚಿ ಸ್ವಾಮಿ” ಎಂದೆ. ಬಾಯಿಗೆ ಸೆರಗು ಇಟ್ಟು ನಗುತ್ತಿದ್ದ ಹೆಂಗಸರ ಕಡೆ ತಿರುಗಿ, “ಸೀಕು ಬಂದ್ಮೇಲೆ ಬಾಯ್ ಬಡ್ಕಂಡ್ರೆ ಏನ್ ಬಂತ್ರಮ್ಮಿ? ಬರೋಕ್ ಮುಂಚೇನೇ ಚುಚ್ಚುಸ್ಬುಡ್ಬೇಕು” ಎಂದು ಗದರಿದೆ. ಆ ವರ್ಷ ದನಕುರಿಗಳನ್ನು ಭೇದಿ ಹಿಡಿಸಿ ಕೊಲ್ಲುವ ದೊಡ್ಡರೋಗ ಬಂದು ಅವರ ಕೊಟ್ಟಿಗೆಗಳು ಬರಿದಾದವು. ಆಗಲೂ ಅವರು ನಿನ್ನನ್ನೇ ಬೈದರು, ನೀನೇ ಏನೋ ಮಾಟ ಮಾಡಿಸಿದೆ ಎಂದು.

ಬೆಳಕವಾಡಿಗೆ, ನಿನ್ನ ತವರಿಗೆ ಹೋಗುವಾಗಲೆಲ್ಲ ಕೆಂಚನೂ ಜೊತೆಗೆ ಬರುತ್ತಿತ್ತು. ಅದರ ನೀರಿಗೆ ಬೇರೆ ಗಡಿಗೆ. ಕಂಡವರ ತೊಟ್ಟಿಯಲ್ಲಿ ಬಾಯಿ ಹಾಕಲು ಬಿಡುತ್ತಿರಲಿಲ್ಲ ನೀನು. ಬಿಸಿಲೇರಿದರೆ ಮರದಡಿ ಕೂರಿಸಿ ಗೊರಸಿನ ಸಂದಿಯಿಂದ ಮುಳ್ಳು ಕೀಳುತ್ತಿದ್ದೆ. ಇಷ್ಟರ ಮೇಲೆ ದೃಷ್ಟಿಯಾಗದಿರಲೆಂದು ಕೊರಳಿಗೆ ಅರಿಸಿನದ ಬಟ್ಟೆ, ಬೇವಿನ ಸೊಪ್ಪು. ನಾನೂ ಹಾಗೆಯೇ ಮಾಡಿದೆ ಅವ್ವ. ಹೊರಡುವ ಹದಿನೈದು ದಿನ ಮೊದಲೇ ಮಳವಳ್ಳಿಯ ದನದ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿ ಚೀಟಿ ಬರೆಸಿಕೊಂಡೆ. ಗಡಿಗೆ ಹಿಡಿದೆ. ಬೇವೂ ಕಟ್ಟಿದೆ, ನೀನು ಕಟ್ಟುತ್ತಿದ್ದೆ ಎಂಬ ಒಂದೇ ಕಾರಣಕ್ಕೆ.

ಮಳವಳ್ಳಿಯಲ್ಲಿ ಮೋಟಾರಿನವನು ಹತ್ತಿಸಲಿಲ್ಲ. “ಹಿಕ್ಕೆ ಹಾಕ್ತದೆ, ಗಲೀಜು. ಆಗಲ್ಲ ಓಗಿ ಮೇಷ್ಟ್ರೆ” ಎಂದ. ಒಳಗೆ ಇಣುಕಿದರೆ ಕಾಲಿಡಲು ಜಾಗವಿಲ್ಲದಂತೆ ಎಲೆಅಡಿಕೆ ಉಗುಳು. ಯಾರದು ಗಲೀಜು ಎಂದು ಕೇಳಬೇಕೆನಿಸಿತು. ಮದ್ದೂರಿನ ದಾರಿ ಹಿಡಿದು ನಡೆದೆವು.

ಮಧ್ಯಾಹ್ನದ ಹೊತ್ತಿಗೆ ಒಂದು ಊರಿನ ಗಡಿ ಮುಟ್ಟಿದಾಗ ಮೊದಲು ಎದುರಾದದ್ದು ನಾತ. ದೊಡ್ಡರೋಗಕ್ಕೆ ಸತ್ತ ದನಗಳನ್ನು ಕೆರೆಯಂಚಿಗೆ ಎಳೆದು ಹಾಕಿದ್ದರು. ಅದೇ ಕೆರೆಯಲ್ಲಿ ಬಿಂದಿಗೆ ಮುಳುಗಿಸಿ ಮನೆಗೆ ನೀರು ಒಯ್ಯುತ್ತಿದ್ದರು. ಥೂ! ನಾನು ಮೂಗು ಮುಚ್ಚಿಕೊಳ್ಳುವಷ್ಟರಲ್ಲಿ ಹತ್ತು ಹದಿನೈದು ಜನ ದೊಣ್ಣೆ ಹಿಡಿದು ಅಡ್ಡ ಬಂದರು. “ನಿಮ್ಮೂರ್ ಮಾರೀನ ತಂದು ನಮ್ಮೂರ್ಗೆ ಬುಡ್ತೀಯೇನ್ಲಾ?” ಎಂದರು. ಆಗ ಹೊಳೆಯಿತು. ರೋಗ ಬಂದ ಊರಿನವರು ಒಂದು ಪ್ರಾಣಿಗೆ ಬೇವು ಕಟ್ಟಿ ಪಕ್ಕದೂರಿನ ಎಲ್ಲೆಯೊಳಕ್ಕೆ ಅಟ್ಟಿ, ಮಾರಿಯನ್ನು ಸಾಗಿಸಿದೆವು ಎಂದು ಕೈ ತೊಳೆದುಕೊಳ್ಳುತ್ತಾರಲ್ಲ, ನಮ್ಮ ಕೆಂಚನನ್ನು ಅಂಥದ್ದೆಂದುಕೊಂಡರು. ಬೆಳಕವಾಡಿಯಲ್ಲಿ ನಿನ್ನನ್ನು ಎಲ್ಲರೂ ಬಲ್ಲರು. ಇಲ್ಲಿ ನನ್ನನ್ನು ಬಲ್ಲವರು ಯಾರು?

ಚೀಟಿ ತೆಗೆದು ಕೊಟ್ಟೆ. ಓದು ಬಲ್ಲ ಮುದುಕನೊಬ್ಬ ಅಕ್ಷರ ಕೂಡಿಸಿ ಕೂಡಿಸಿ ಓದಿದ: “ಸದರಿ ಟಗರಿಗೆ ದೊಡ್ಡರೋಗದ ಬಾಬ್ತು ಸೂಜಿ ಹಾಕಿದೆ.” ಅಷ್ಟೇ ಸಾಕಾಯಿತು. “ದೊಡ್ಡರೋಗ ಅಂತ ಸರ್ಕಾರ್ದೋರೇ ಬರ್ಕೊಟ್ಟವ್ರೆ ಕಣ್ರಲಾ!” ಎಂದು ಕೂಗು ಎದ್ದಿತು. ರೋಗ ಬಾರದಿರಲೆಂದು ಹಾಕಿಸಿದ್ದು ಎಂದು ಬಡಿದುಕೊಂಡೆ. “ಸೀಕೇ ಇಲ್ದಿದ್ ಮೇಲೆ ಸೂಜಿ ಯಾಕ್ ಚುಚ್ತಾರ್ಲಾ? ನಮ್ಗೇನ್ ಕಿವೀಗ್ ಊವ ಮಡುಗ್ತೀಯಾ?” ಎಂದ ಒಬ್ಬ. ಮೊದಲ ಕಲ್ಲು ಕೆಂಚನ ಕಣ್ಣಿಗೆ ಬಿತ್ತು. ಅದು ಓಡಲಿಲ್ಲ. ನನ್ನ ಕಾಲುಗಳ ಸಂದಿಗೆ ನುಗ್ಗಿ ನಿಂತಿತು.

“ಯಾರ್ದ್ಲಾ ಇದು? ನಿಂದೇಯಾ? ಯೋಳು!” ದೊಣ್ಣೆ ನನ್ನ ತಲೆಯ ಮೇಲಿತ್ತು. ಏನೆಂದೆ ಗೊತ್ತೇ? “ನಂದಲ್ಲ. ಯಾರೋ ಕೊಟ್ಟು ಕಳ್ಸುದ್ರು.”

ಯಾರೋ ಎಂದೆ ಅವ್ವ. ನಿನ್ನನ್ನು.

ನನ್ನನ್ನು ಮುಂದಕ್ಕೆ ಬಿಟ್ಟರು. ಅದನ್ನು ಬಡಿಯುತ್ತಾ ಬಂದ ದಾರಿಗೇ ಅಟ್ಟಿದರು. ನಾನು ತಿರುಗಿ ನೋಡಲಿಲ್ಲ. ಮದ್ದೂರಿಗೆ ಹೋಗಿ ಹೋಟೆಲಿನಲ್ಲಿ ಕೂತು ಕಾಫಿ ಕುಡಿದೆ. ಕುಡಿದೆನಲ್ಲ! ಅಲ್ಲೇ ಕಾರ್ಡು ಕೊಂಡು ಅಕ್ಕನಿಗೆ, ಟಗರು ದಾರಿಯಲ್ಲಿ ಸೀಕು ಬಂದು ಸತ್ತಿತು ಎಂದು ಬರೆದು ಹಾಕಿದೆ. ಊರಿನವರನ್ನು ಕಂಡು ಹೇಸಿದ್ದೆ. ಅವರಾದರೂ ಭಯಕ್ಕೆ ಕಲ್ಲು ಹೊಡೆದರು, ತಮ್ಮ ದನ ಉಳಿಯಲೆಂದು. ನಾನು?

ಎಂಟು ದಿನ ಕಳೆದು ಮಂಡ್ಯಕ್ಕೆ ಅಕ್ಕನ ಉತ್ತರ ಬಂತು, ಯಾರ ಕೈಲೋ ಬರೆಸಿದ್ದು. ಸೂಜಿ ಹಾಕಿಸಿದ್ದರಿಂದಲೇ ಟಗರು ಸತ್ತಿರಬೇಕಂತೆ. ನಿಡಘಟ್ಟಕ್ಕೆ ಬಂದ ದನದ ಡಾಕ್ಟರನ್ನು ಅವಳು ಬಾಗಿಲಿಂದಲೇ ಕಳಿಸಿದಳಂತೆ. ಅವಳ ಎರಡೂ ಹಸುಗಳಿಗೆ ಸೂಜಿ ಇಲ್ಲ. ಸುತ್ತ ಊರೂರಲ್ಲಿ ರೋಗ. ನೀನು ಅಷ್ಟು ಜನರೆದುರು ಒಬ್ಬಳೇ ನಿಂತು ಗೆದ್ದದ್ದನ್ನು ನಾನು ಒಂದು ಕಾರ್ಡಿನಲ್ಲಿ ಹಾಳು ಮಾಡಿದೆ.

ನಿನ್ನೆ ಊರಿಗೆ ಬಂದೆ. ಕೊಟ್ಟಿಗೆಯಲ್ಲಿ ಕೆಂಚ ಮಲಗಿತ್ತು. ಒಂದೊಂದು ಊರಿನವರೂ ತಮ್ಮ ಗಡಿಯಿಂದಾಚೆ ಅಟ್ಟುತ್ತಾ ಅಟ್ಟುತ್ತಾ ಅದನ್ನು ಮನೆಗೇ ತಲುಪಿಸಿದ್ದಾರೆ. ಒಂದು ಕಣ್ಣು ಹೋಗಿದೆ. ಪಕ್ಕೆಲುಬು ಎಣಿಸಬಹುದು. ಮಾರಿ ಟಗರು ಎಂದು ಚಿಕ್ಕಪ್ಪ ಹತ್ತಿರ ಸುಳಿದಿಲ್ಲ, ಅಷ್ಟರ ಮಟ್ಟಿಗೆ ಅದು ಬದುಕಿತು. ಅಷ್ಟು ರೋಗದೂರುಗಳ ನೀರು ಕುಡಿದು ಬಂದಿದೆ, ಇಲ್ಲಿಗೆ ಬಂದ ಮೇಲೆ ಒಂದು ಸಲವೂ ಭೇದಿಯಾಗಿಲ್ಲವಂತೆ, ಮೂಗು ಸೋರಿಲ್ಲವಂತೆ. ನನ್ನನ್ನು ಕಂಡು ಎದ್ದು ಬಂದು ಅಂಗೈಗೆ ಹಣೆ ಒತ್ತಿತು. ಹಾಯಲಿಲ್ಲ. ಹಾಯ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ನಾಳೆ ಬೆಳಿಗ್ಗೆ ಚಿಕ್ಕಪ್ಪನ ಗಾಡಿ ಕಟ್ಟಿ ಅದನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ನಿಡಘಟ್ಟಕ್ಕೆ ಹೊರಡುತ್ತೇನೆ. ಈ ಸಲ ಬೇವು ಕಟ್ಟುವುದಿಲ್ಲ, ಕ್ಷಮಿಸು. ಅಕ್ಕನ ಮುಂದೆ ಕೆಂಚನನ್ನು ಇಳಿಸಿ, ಇದು ಸಾಯಲಿಲ್ಲ, ನಾನು ಬಿಟ್ಟು ಓಡಿಬಂದೆ ಎನ್ನುತ್ತೇನೆ. ಮುಖಕ್ಕೆ ಉಗಿದರೆ ಉಗಿಯಲಿ. ಅವಳ ಹಸುಗಳಿಗೆ ಸೂಜಿ ಬೀಳುವ ತನಕ ಅವಳ ಜಗಲಿಯಿಂದ ಏಳುವುದಿಲ್ಲ.