ಸಿಲ್ಲೆಯ ಹೊಲಿಗೆ ಒಣಗುವವರೆಗೆ

ಟ್ಯುಬೊರಾನ್
ಮಾರ್ಚ್ ೯, ಭಾನುವಾರ

ಪ್ರೀತಿಯ ರಾಗ್ನ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಕ್ರಿಸ್‌ಮಸ್‌ಗೆ ನೀನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಿನ್ನ ಎರಡು ಕಾಗದಗಳೂ ಅಡುಗೆಮನೆಯ ಕಿಟಕಿಗೆ ಒರಗಿ ನಿಂತಿವೆ. ಕಾಫಿ ಕುಡಿಯಲು ಕೂತಾಗೆಲ್ಲ ನನ್ನನ್ನೇ ದುರುಗುಟ್ಟಿ ನೋಡುತ್ತವೆ. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಆದರೂ ಸರಿಯೇ, ಒಂದೇ ಬೆಂಚಿನಲ್ಲಿ ಕೂತು ಓದಿದಾಗಿನಿಂದ ನಿನ್ನ ಬೈಗುಳ ತಿಂದೇ ಬೆಳೆದವಳು ನಾನು. ನಿನ್ನ ಅಣ್ಣ ಎವಾಲ್ಡ್‌ನನ್ನು ಮದುವೆಯಾದ ಮೇಲಂತೂ ಬೈಯುವುದಕ್ಕೆ ನಿನಗೆ ಹಕ್ಕೇ ಬಂತು. ಫೋನ್ ಮಾಡೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ, ಇದು ಕಿರುಚಿ ಹೇಳುವ ವಿಷಯವೂ ಅಲ್ಲ.

ಎರಡು ಕಾಗದದಲ್ಲೂ ನೀನು ಕೇಳಿದ್ದು ಒಂದೇ ಮಾತು. ಆಪರೇಷನ್ ಆದಮೇಲೆ ಬೆಕ್ಕನ್ನು ಕೊನೆಗೆ ಎಲ್ಲಿ ಇಟ್ಟೆ? ಸ್ನಾನದ ಮನೆಯಲ್ಲಿ ನೆಲ ಬೆಚ್ಚಗಿರುತ್ತದೆ, ಅಲ್ಲೇ ಇಡು ಎಂದು ನೀನೇ ಬರೆದಿದ್ದೆ. ಹೇಳುತ್ತೇನೆ, ಸ್ವಲ್ಪ ತಾಳು.

ಇಲ್ಲಿ ಪಶ್ಚಿಮದ ಗಾಳಿ ಜನವರಿಯಲ್ಲಿ ಶುರುವಾದದ್ದು ಇನ್ನೂ ನಿಂತಿಲ್ಲ. ಪಕ್ಕದ ಮನೆಯ ಬೋದಿಲ್‌ಳ ಬೇಲಿ ಮತ್ತೆ ನಮ್ಮ ಅಂಗಳದಲ್ಲಿ ಬಂದು ಮಲಗಿದೆ. ಅವಳ ನಾಯಿ ಇದೇ ಒಳ್ಳೆಯ ಸಮಯವೆಂದು ನಮ್ಮ ಬಾಗಿಲಿಗೇ ಬಂದು ಬೊಗಳಿ ಹೋಗುತ್ತದೆ. ಬಂದರಿನಲ್ಲಿ ಬಲೆ ಹೆಣೆಯುವ ಶೆಡ್ಡನ್ನು ಈಗ ಕಾರ್ಸ್ಟನ್ ನೋಡಿಕೊಳ್ಳುತ್ತಿದ್ದಾನೆ. ಎವಾಲ್ಡ್ ಕೈಕೆಳಗೆ ಕಲಿತವನು, ನಿನಗೂ ಗೊತ್ತು, ಕೆಂಪು ಗಡ್ಡದವನು. ಈಗಲೂ ಶನಿವಾರ ಮೀನು ತಂದು ಬಾಗಿಲ ಹಿಡಿಗೆ ನೇತುಹಾಕಿ ಹೋಗುತ್ತಾನೆ.

ನಮ್ಮ ಬೆಕ್ಕು ಸಿಲ್ಲೆ ಆ ಶೆಡ್ಡಿನಿಂದಲೇ ಮನೆಗೆ ಬಂದವಳು. ಬರುವಾಗಲೇ ಒಂದು ಬಾರಿ ಮರಿ ಹಾಕಿದ್ದಳು, ಇಲ್ಲಿಗೆ ಬಂದು ನಮ್ಮ ಮಂಚದ ಕೆಳಗೆ ಇನ್ನೊಂದು ಬಾರಿ ಹಾಕಿದಳು. ಆ ಮರಿಗಳಿಗೆ ಮನೆ ಹುಡುಕಿಕೊಡುವಷ್ಟರಲ್ಲಿ ನನಗೆ ಸಾಕೋಸಾಕಾಯಿತು. ಜನವರಿ ಬಂತೆಂದರೆ ಬಂದರಿನ ಗಂಡು ಬೆಕ್ಕುಗಳೆಲ್ಲ ನಮ್ಮ ಮನೆಯ ಸುತ್ತ ಗೋಳಾಡುತ್ತವೆ. "ಆಗ್ನೆಟ, ಈ ಸಂಗೀತ ಕಛೇರಿ ಇನ್ನೂ ಎಷ್ಟು ವರ್ಷ ನಡೆಸ್ತೀಯ?" ಎಂದು ಬೋದಿಲ್ ಬೇಲಿಯಾಚೆಯಿಂದ ಕೇಳಿದಳು. ಆಮೇಲೆ ಲೆಮ್ವಿಯ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ, ಇನ್ನು ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದೆ. ಮಾಯ್ಕೆನ್ ಎಂದು ಹೆಸರು, ಇನ್ನೂ ಚಿಕ್ಕ ವಯಸ್ಸು, ಒಳ್ಳೆಯ ಹುಡುಗಿ. "ಹತ್ತು ದಿನ ಒಂದೇ ಕೋಣೆಯಲ್ಲಿರಲಿ. ಹಾರಬಾರದು, ಹೊರಗೆ ಹೋಗಬಾರದು, ಹೊಲಿಗೆ ನೆಕ್ಕಬಾರದು. ಮನೇಲಿ ಬೇರೆ ಪ್ರಾಣಿ ಇದೆಯಾ?" ಎಂದಳು. ಎವಾಲ್ಡ್ ಪಕ್ಕದಲ್ಲೇ ಕೂತಿದ್ದ. "ನಾನಿದೀನಿ" ಎಂದ. ಮೂವರೂ ನಕ್ಕೆವು.

ನೀನು ಹೇಳಿದ ಸ್ನಾನದ ಮನೆ ಆಗಲಿಲ್ಲ, ರಾಗ್ನ. ಎವಾಲ್ಡ್ ದಿನಕ್ಕೆ ಎಷ್ಟು ಸಲ ಅಲ್ಲಿಗೆ ಹೋಗುತ್ತಾನೋ ಲೆಕ್ಕವಿಲ್ಲ. ಹೋದವನು ಯಾಕೆ ಬಂದೆನೆಂದು ಮರೆತು, ಬಾಗಿಲು ತೆರೆದಿಟ್ಟು ಬರುತ್ತಾನೆ. ಹೊರಬಾಗಿಲೂ ಹಾಗೆಯೇ. ಐವತ್ತು ವರ್ಷ ಬೆಳಗ್ಗೆ ಎದ್ದವನೇ ಮೊದಲು ಬಾಗಿಲು ತೆರೆದು, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿದ ಮನುಷ್ಯ. ಊಟ ಮಾಡಿದ್ದು ಮರೆಯುತ್ತಾನೆ, ಇದನ್ನು ಮಾತ್ರ ಮರೆಯುವುದಿಲ್ಲ. ಹಾಗಾಗಿ ಸಿಲ್ಲೆಯನ್ನು ಹೊಲಿಗೆ ಯಂತ್ರದ ಕೋಣೆಯಲ್ಲಿಟ್ಟು ಚಿಲಕ ಹಾಕಿದೆ. ಹಳೆಯ ಅಂಗಿಯ ತೋಳು ಕತ್ತರಿಸಿ ಅವಳ ಹೊಟ್ಟೆಗೆ ತೊಡಿಸಿದೆ. ಮಾತ್ರೆಯನ್ನು ಬ್ರೆಡ್ಡಿಗೆ ಹಚ್ಚುವ ಲಿವರ್ ಪೇಸ್ಟ್‌ನಲ್ಲಿ ಹುದುಗಿಸಿ ತಿನ್ನಿಸಿದೆ. ಪೇಸ್ಟ್ ನೆಕ್ಕಿ ಮಾತ್ರೆಯನ್ನು ನನ್ನ ಚಪ್ಪಲಿಯ ಮೇಲೆ ಉಗಿದಳು, ಅದು ಬೇರೆ ಮಾತು.

ಎವಾಲ್ಡ್ ಆ ಚಿಲಕದ ಮುಂದೆ ನಿಂತು ಅಳುಮೋರೆ ಮಾಡುತ್ತಿದ್ದ. "ಒಳಗೆ ಯಾರಿದಾರೆ?" "ಸಿಲ್ಲೆ." "ಏನು ತಪ್ಪು ಮಾಡಿದ್ಲು?" ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ. ಕೊನೆಗೆ ಒಂದು ಮಧ್ಯಾಹ್ನ, ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡಿರಲಿ ಎಂದು ನಾನೇ ತಂದು ಕೊಟ್ಟೆ. ಇಬ್ಬರಿಗೂ ಅದು ಬೇಕಾಗಿತ್ತು. ಅವನು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ, ಅವಳು ಗುರುಗುರು ಎನ್ನತೊಡಗಿದಳು. ನಾನು ಆಲೂಗಡ್ಡೆ ಬೇಯಲು ಇಟ್ಟು ಬರೋಣವೆಂದು ಅಡುಗೆಮನೆಗೆ ಹೋದೆ.

ನಿನಗೆ ನೆನಪಿದೆಯಾ, ಶೆಡ್ಡಿನಲ್ಲಿ ಅವನು ಬಲೆ ಪರೀಕ್ಷೆ ಮಾಡುತ್ತಿದ್ದ ರೀತಿ? ದೋಣಿಗೆ ಹೋಗುವ ಮೊದಲು ಪ್ರತಿ ಬಲೆಯೂ ಅವನ ಬೆರಳುಗಳ ನಡುವೆ ಹಾಯಬೇಕಿತ್ತು, ಅದೂ ಕಣ್ಣು ಮುಚ್ಚಿಕೊಂಡು. ಕಣ್ಣು ಮೋಸ ಮಾಡುತ್ತೆ ಎನ್ನುತ್ತಿದ್ದ. ಬೇರೆಯವರು ಹಾಕಿದ ಸಡಿಲ ಗಂಟು ಕೈಗೆ ಸಿಕ್ಕಿದರೆ ಬೈಯುತ್ತಿರಲಿಲ್ಲ, ಕತ್ತರಿಸಿ ತಾನೇ ಹೊಸದಾಗಿ ಹಾಕುತ್ತಿದ್ದ. ಗಂಟು ಕತ್ತರಿಸುವ ಸದ್ದು ಕೇಳಿದರೆ ಸಾಕು, ಕೆಲಸ ಕಲಿಯುವ ಹುಡುಗರು ಕಿವಿಯವರೆಗೂ ಕೆಂಪಾಗುತ್ತಿದ್ದರು.

ನಾನು ವಾಪಸು ಬಂದಾಗ ಸಿಲ್ಲೆಯ ಅಂಗಿ ನೆಲದ ಮೇಲಿತ್ತು. ಅವನ ಕೈಯಲ್ಲಿ ನನ್ನ ಉಗುರು ಕತ್ತರಿಸುವ ಪುಟ್ಟ ಕತ್ತರಿ. ಕುರ್ಚಿಯ ಕೈಮೇಲೆ ಬಲೆ ಹೆಣೆಯುವ ಸೂಜಿ, ಅದಕ್ಕೆ ಹಸಿರು ದಾರ ಸುತ್ತಿಟ್ಟುಕೊಂಡಿದ್ದ. ಹೊಲಿಗೆ ಅರ್ಧಕ್ಕರ್ಧ ಬಿಚ್ಚಿಹೋಗಿತ್ತು. ಬೆಕ್ಕು ಓಡಿಹೋಗಿರಲಿಲ್ಲ, ರಾಗ್ನ. ಪರಚಿಯೂ ಇರಲಿಲ್ಲ. ಅವನ ಮುಖವನ್ನೇ ನೋಡುತ್ತಾ ಮಲಗಿತ್ತು.

"ಯಾರೋ ಹೊಸಬನ ಕೆಲಸ ಇದು ಆಗ್ನೆಟ" ಎಂದ. "ಗಂಟು ನಿಲ್ಲಲ್ಲ. ಗಾಬರಿಯಾಗಬೇಡ, ಇವಳನ್ನ ಹೀಗೇ ಸಮುದ್ರಕ್ಕೆ ಬಿಡ್ತೀನಾ ನಾನು?"

ನಾನು ಕಿರುಚಲಿಲ್ಲ. ಕಿರುಚಿದ್ದರೆ ಕತ್ತರಿ ಅವಳ ಹೊಟ್ಟೆಗೆ ಚುಚ್ಚುತ್ತಿತ್ತು. "ಒಳ್ಳೇದಾಯ್ತು ನೀನು ನೋಡಿದ್ದು, ಎವಾಲ್ಡ್. ಕತ್ತರಿ, ಸೂಜಿ ಎರಡೂ ಇಲ್ಲಿ ಕೊಡು, ದಾರ ಬದಲಾಯಿಸ್ತೀನಿ" ಎಂದೆ. ಕೊಟ್ಟ. ಅಷ್ಟು ವಿಶ್ವಾಸದಿಂದ ಕೊಟ್ಟ. ಸಿಲ್ಲೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬೋದಿಲ್‌ಳ ಕಾರಿಗೆ ಓಡಿದೆ. ಒಲೆಯ ಮೇಲೆ ಆಲೂಗಡ್ಡೆ ಸೀದು ಕರಕಲಾಯಿತು. ಆ ವಾಸನೆ ಇನ್ನೂ ಪರದೆಯಲ್ಲಿದೆ.

ಮಾಯ್ಕೆನ್ ಮತ್ತೆ ಹೊಲಿದಳು. ಬೈಯಲಿಲ್ಲ. ಕೈ ತೊಳೆಯುತ್ತಾ, "ಬೆಕ್ಕು ಎಲ್ಲಿ ಚೇತರಿಸ್ಕೊಳ್ಳಬೇಕು ಅನ್ನೋದನ್ನ ಈಗ ನಿರ್ಧಾರ ಮಾಡ್ಲೇಬೇಕು ಆಗ್ನೆಟ. ನಿಮ್ಮನೇಲಿ ಆಗಲ್ಲ" ಎಂದಳು.

ಕಾರ್ಸ್ಟನ್ ಶೆಡ್ಡಿನಲ್ಲಿಟ್ಟುಕೊಳ್ಳುತ್ತೇನೆಂದ, ಆದರೆ ಅಲ್ಲಿ ಬಲೆಯ ರಾಶಿ ಕಂಡರೆ ಅವಳು ಹತ್ತದೇ ಇರುತ್ತಾಳಾ? ಬೋದಿಲ್‌ಳ ಮನೆಯಲ್ಲಿ ನಾಯಿ. ಆದರೂ ಬೋದಿಲ್ ಪಾಪ ನಾಯಿಯನ್ನು ಮಗಳ ಮನೆಗೆ ಕಳಿಸಿ, ಸಿಲ್ಲೆಯನ್ನು ತನ್ನ ಮಲಗುವ ಕೋಣೆಗೆ ಕರೆದುಕೊಂಡು ಹೋದಳು. ಹೊರಗೆ ಬಾಯಿ ಎಷ್ಟು ಜೋರೋ ಒಳಗೆ ಅಷ್ಟೇ ಮೆತ್ತಗಿನ ಹೆಂಗಸು. ಸರಿಹೋಯಿತು ಎಂದುಕೊಂಡೆ.

ಮಾರನೆಯ ದಿನ ನಾನು ಒಗೆದ ಬಟ್ಟೆ ಮಡಿಸಿಟ್ಟು ಬರುವಷ್ಟರಲ್ಲಿ ಎವಾಲ್ಡ್ ಮನೆಯಲ್ಲಿರಲಿಲ್ಲ. ಹೊರಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಕಾರ್ಸ್ಟನ್ ಅವನನ್ನು ಹುಡುಕಿ ಕರೆತಂದ. ದೋಣಿ ಕಟ್ಟುವ ದಕ್ಕೆಯ ಕೊನೆಯಲ್ಲಿ, ಅಲೆ ಮೇಲೇರಿ ಬಂದು ಹೊಡೆಯುವ ಆ ಕಲ್ಲುಗಳ ಮೇಲೆ, ಬರೀ ಕಾಲುಚೀಲದಲ್ಲಿ ನಿಂತಿದ್ದನಂತೆ. ಲಿವರ್ ಪೇಸ್ಟ್‌ನ ಡಬ್ಬಿ ಹಿಡಿದುಕೊಂಡು ಸಿಲ್ಲೆಯನ್ನು ಕರೆಯುತ್ತಿದ್ದನಂತೆ. ಮೈಯೆಲ್ಲ ಒದ್ದೆ, ತುಟಿ ನೀಲಿ. "ಅವಳ ಹೊಟ್ಟೆ ತೆರೆದಿದೆ, ಉಪ್ಪುನೀರು ತಾಗಿದರೆ ಉರಿಯುತ್ತೆ" ಎಂದು ಕಾರ್ಸ್ಟನ್‌ನ ಜೊತೆ ಜಗಳ ಆಡಿದನಂತೆ. ಇದನ್ನು ಹೇಳುತ್ತಾ ಆ ಕೆಂಪು ಗಡ್ಡದ ದೊಡ್ಡ ಮನುಷ್ಯ ನನ್ನ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟ.

ಈಗ ನೀನೇ ಹೇಳು. ಬೆಕ್ಕು ಮನೆಯಲ್ಲಿದ್ದರೆ ಅದರ ಹೊಟ್ಟೆ ಉಳಿಯುವುದಿಲ್ಲ. ಮನೆಯಲ್ಲಿಲ್ಲದಿದ್ದರೆ ಇವನು ಉಳಿಯುವುದಿಲ್ಲ.

ಬೇಸಿಗೆಯಲ್ಲಿ ಬಂದಾಗ ನೀನು ಅವನನ್ನು ನೋಡಿದ್ದೆ. ನಿನ್ನನ್ನು ಹೆಸರು ಹಿಡಿದು ಕರೆದ, ಹಾಡಿದ, ಜೊತೆಗೆ ಕೂತು ಸೀಗಡಿ ಸುಲಿದ. "ಮರೆವು ಯಾರಿಗಿಲ್ಲ? ಆಗ್ನೆಟ, ಅವನನ್ನ ಎಲ್ಲಿಗೂ ಕಳಿಸಬೇಡ ಕಣೇ" ಎಂದು ಹಡಗು ಹತ್ತುವಾಗ ನನ್ನ ಕೈ ಹಿಡಿದುಕೊಂಡಿದ್ದೆ. ನಾನು ತಲೆಯಾಡಿಸಿದ್ದೆ. ಆಮೇಲೆ ಪುರಸಭೆಯ ಹೆಂಗಸು ಮನೆಗೆ ಬಂದು, ನಿಮಗೂ ವಿಶ್ರಾಂತಿ ಬೇಕು, ಅವರನ್ನು ಲೆಮ್ವಿಯ ವೃದ್ಧರ ಆರೈಕೆ ಮನೆಯಲ್ಲಿ ಸ್ವಲ್ಪ ದಿನ ಇಟ್ಟುಕೊಳ್ಳುತ್ತೇವೆ ಎಂದಾಗೆಲ್ಲ ನಾನು ಕಾಫಿ ಕೊಟ್ಟು, ಕೇಕ್ ಕೊಟ್ಟು, ಬೇಡ ಎಂದು ಕಳಿಸಿದ್ದೇನೆ. ಈ ಸಲ ನಾನೇ ಅವಳಿಗೆ ಫೋನ್ ಮಾಡಿದೆ. ಎರಡು ವಾರ, ಬೆಕ್ಕಿನ ಹೊಲಿಗೆ ಒಣಗುವವರೆಗೆ ಮಾತ್ರ ಎಂದೆ. ಅವಳು ನಗಲಿಲ್ಲ. ನಕ್ಕಿದ್ದರೆ ಫೋನ್ ಇಟ್ಟುಬಿಡುತ್ತಿದ್ದೆ.

ಎವಾಲ್ಡ್‌ಗೂ ಸತ್ಯವನ್ನೇ ಹೇಳಿದೆ. ಸಿಲ್ಲೆ ಮನೆಗೆ ಬರಬೇಕಾದರೆ ನೀನು ಸ್ವಲ್ಪ ದಿನ ಬೇರೆ ಕಡೆ ಇರಬೇಕು, ಅವಳಿಗೆ ವಿಶ್ರಾಂತಿ ಬೇಕು ಎಂದೆ. "ಹೊಲಿಗೆ ಒಣಗೋವರೆಗೆ ತಾನೆ?" ಎಂದ. ಹೌದು ಎಂದೆ. "ಹಾಗಾದ್ರೆ ಹೋಗೋಣ. ಪಾಪ, ಅವಳಿಗೆ ನೋವಾಗಿದೆ" ಎಂದು ತಾನೇ ಟೋಪಿ ಹಾಕಿಕೊಂಡ. ಲೆಮ್ವಿಗೆ ಹೋಗುವ ಪುಟ್ಟ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, ಹೊಲದಲ್ಲಿ ಕಂಡ ಕುರಿಗಳಿಗೆಲ್ಲ ಕೈ ಬೀಸಿದ.

ಸಿಲ್ಲೆ ಮನೆಗೆ ಬಂದಳು. ಹೊಲಿಗೆ ಯಂತ್ರದ ಕೋಣೆಗೆ ಚಿಲಕವೇ ಬೇಕಾಗಲಿಲ್ಲ. ಎವಾಲ್ಡ್‌ನ ಕುರ್ಚಿಯ ಮೇಲೆ ಕಂಬಳಿ ಹಾಸಿ ಮಲಗಿಸಿದೆ, ಅಲ್ಲೇ ಚೇತರಿಸಿಕೊಂಡಳು. ನೀನು ಕೇಳಿದ ಪ್ರಶ್ನೆಗೆ ಇದೇ ಉತ್ತರ, ರಾಗ್ನ. ಬೆಕ್ಕು ಮನೆಯಲ್ಲೇ ಇತ್ತು. ಈಗ ಹೊಟ್ಟೆಯ ಮೇಲೆ ಮೆತ್ತಗೆ ಕೂದಲು ಬರುತ್ತಿದೆ. ತಿನ್ನುವುದರಲ್ಲಿ ಏನೂ ಕಡಿಮೆಯಿಲ್ಲ.

ನಿನ್ನ ಮೊಮ್ಮಗಳಿಗೆ ಮುಂದಿನ ತಿಂಗಳು ಚರ್ಚಿನಲ್ಲಿ ದೃಢೀಕರಣದ ಸಂಸ್ಕಾರ ಎಂದು ಬರೆದಿದ್ದೀಯ. ಬೆಳ್ಳಿಯ ಚಮಚ ಒಂದನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ನಿಮ್ಮ ಅಮ್ಮ ನನಗೆ ಕೊಟ್ಟದ್ದು ಅದು, ನಿಮ್ಮ ಮನೆಯ ಹುಡುಗಿಗೇ ಸೇರಲಿ. ಅವಳಿಗೆ ಒಳ್ಳೆಯದಾಗಲಿ, ದೇವರು ಅವಳ ಕೈ ಬಿಡದಿರಲಿ. ನಿನ್ನ ಮಂಡಿಯ ಕಡೆಗೂ ಆತ ಸ್ವಲ್ಪ ಕಣ್ಣು ಹಾಯಿಸಲಿ. ಮೆಟ್ಟಿಲ ಮೇಲೆ ಹುಷಾರು, ಊರುಗೋಲು ಹಿಡಿಯಲು ನಾಚಿಕೊಳ್ಳಬೇಡ.

ನಿನ್ನ ಪ್ರೀತಿಯ,
ಆಗ್ನೆಟ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದವಳು ಮತ್ತೆ ಬಿಚ್ಚಿದೆ. ಸಿಲ್ಲೆಯ ಹೊಲಿಗೆ ತೆಗೆದು ಬಹಳ ದಿನವಾಯಿತು. ಕಿಟಕಿಗೂ ಹಾರುತ್ತಾಳೆ, ಬೇಲಿಗೂ ಹಾರುತ್ತಾಳೆ. ಎರಡು ವಾರ ಯಾವಾಗಲೋ ಮುಗಿಯಿತು. ನಾನು ಎವಾಲ್ಡ್‌ನನ್ನು ಕರೆತರಲಿಲ್ಲ. ಅವನಿಗೆ ಅಲ್ಲೇ ಕಾಯಂ ಕೋಣೆ ಕೊಟ್ಟಿದ್ದಾರೆ, ನಾನು ಸಹಿ ಹಾಕಿದ್ದೇನೆ. ಅವನು ಹೋದ ಮೇಲೆ ನನಗೆ ನಿದ್ದೆ ಬರುತ್ತಿದೆ, ರಾಗ್ನ, ಚೆನ್ನಾಗಿ ಬರುತ್ತಿದೆ. ಇದನ್ನು ಯಾರಿಗೂ ಹೇಳಿಲ್ಲ. ನಿನಗೆ ಕೊಟ್ಟ ಮಾತು ಮುರಿದೆ, ಬೈಯಬೇಕೆನಿಸಿದರೆ ಈಗ ಬೈಯಿ.

ಯಾರ ಹೊಲಿಗೆ ಎಂಬುದು ಅವನಿಗೆ ಈಗ ಕಲಸಿಹೋಗಿದೆ. ನಾನು ಹೋದಾಗ ಕೋಟು ತೊಟ್ಟು, ಟೋಪಿ ಹಾಕಿಕೊಂಡು ಮಂಚದ ಮೇಲೆ ಕೂತಿರುತ್ತಾನೆ. ಅಂಗಿ ಎತ್ತಿ, ಕಣ್ಣು ಮುಚ್ಚಿ ತನ್ನ ಹೊಟ್ಟೆಯ ಮೇಲೆಲ್ಲ ಬೆರಳಾಡಿಸುತ್ತಾನೆ. "ಒಂದು ಗಂಟೂ ಸಿಗಲ್ಲ ನೋಡು. ಯಾರು ಹೊಲಿದರೋ, ಕೆಲಸ ಬಲ್ಲವರು. ಪೂರ್ತಿ ಒಣಗಿದೆ ಆಗ್ನೆಟ, ಈಗ ಮನೆಗೆ ಹೋಗೋಣವಾ?" ಎನ್ನುತ್ತಾನೆ.

ನಾಳೆ ಎನ್ನುತ್ತೇನೆ. ಅವನು ಆಯಿತು ಎಂದು ಕೋಟು ಬಿಚ್ಚಿ ಗೂಟಕ್ಕೆ ಹಾಕುತ್ತಾನೆ.