ಬೆಡ್‌ಶೀಟಿನ ಇನ್ನೊಂದು ತುದಿ

ಭಾನುವಾರ, ಮಧ್ಯಾಹ್ನ

ನನ್ನ ಚಿನಕುರುಳಿಗೆ,

ನಿನ್ನ ಕಾಗದ ಬಂತು. ಚಪ್ಪಲಿ ಅಂಗಡಿ ಮುಚ್ಚಿ ನಿನ್ನ ಕೆಲಸ ಹೋಯಿತು ಅಂತ ಓದಿ ಸಂಕಟವಾಯಿತು. ಅದರ ಕೆಳಗಿನ ಸಾಲು ಓದಿದವಳೇ ಪೆನ್ನು ಹುಡುಕಿದೆ. ನಮ್ಮ ಲಾಂಡ್ರಿಯ ಮೇಸ್ತ್ರಿ ನಿನಗೆ ಇಲ್ಲೇ ಕೆಲಸ ಕೊಡ್ತೀನಿ ಅಂತ ಬರೆದಿದ್ದಾನೆ, ನೀನು ಈ ವಾರವೇ ಹೊರಟು ಬರ್ತೀನಿ ಅಂದಿದ್ದೀಯ. ಬರಬೇಡ ಕಣೇ. ಯಾಕೆ ಅಂತ ಹೇಳೋದಕ್ಕೇ ಈ ಕಾಗದ. ನಡುವೆ ಬಾಯಿ ಹಾಕದೆ ಕೊನೆತನಕ ಓದು. ಅದು ನಿನಗೆ ಎಷ್ಟು ಕಷ್ಟ ಅಂತ ಹೆತ್ತವಳಿಗೆ ಗೊತ್ತು.

ನಾನು ಚೆನ್ನಾಗಿದ್ದೀನಿ. ಕೆಮ್ಮು ಕಮ್ಮಿಯಾಗಿದೆ.

ನಿಮ್ಮಪ್ಪ ತೀರಿಕೊಂಡಾಗ ಎಲ್ಲ ಮುಗೀತು ಅಂತ ನಿನಗೆ ಬರೆದಿದ್ದೆ. ಮುಗಿದಿಲ್ಲ. ಅವರು ಈಗಲೂ ಕೆಲಸ ಮಾಡ್ತಿದ್ದಾರೆ.

ಎದ್ದವರ ಸುದ್ದಿ ನಿನ್ನ ಕಿವಿಗೂ ಬಿದ್ದಿರುತ್ತದೆ. ಕಂಪನಿ ಜಾಗದಲ್ಲಿ ಸತ್ತವರು ಕಂಪನಿಗೇ ಸೇರಿದವರಂತೆ. ನಾವಿರುವ ಸಾಲುಮನೆಗಳೂ ಕಂಪನಿಯವೇ ಅಲ್ಲವಾ, ಹಾಗಾಗಿ ಎಲ್ಲಿ ಸತ್ತರೂ ತಪ್ಪಿಸಿಕೊಳ್ಳೋ ಹಾಗಿಲ್ಲ. ಕಂಪನಿ ಡಾಕ್ಟರ್ ಬಂದು ಕತ್ತಿನ ಹಿಂದೆ ಒಂದು ಸೂಜಿ ಚುಚ್ಚಿದರೆ ಸಾಕು, ಹೆಣ ಎದ್ದು ನಿಲ್ಲುತ್ತದೆ. ಗುಡ್ಡದ ಮೇಲಿನ ಬಂಗಲೆಗಳಲ್ಲಿ ಹೀಗೆ ಎದ್ದವರು ಒಬ್ಬರೂ ಇಲ್ಲ. ಅಲ್ಲಿನವರು ಒಂದೇ ಸಲ ಸಾಯ್ತಾರೆ, ಆರಾಮವಾಗಿ, ನಾವು ಒಗೆದು ಮಡಚಿದ ಬೆಡ್‌ಶೀಟಿನ ಮೇಲೆ.

ಮೊದಮೊದಲು ಎಲ್ಲಿ ಮೈಮೇಲೆ ಬೀಳ್ತಾರೋ, ಎಲ್ಲಿ ಕಚ್ಚುತ್ತಾರೋ ಅಂತ ಹೆದರಿ ಸಾಯ್ತಿದ್ದೆವು. ಪಾಪ, ಅವರು ಯಾರನ್ನೂ ಕಚ್ಚಲಿಲ್ಲ. ನಮ್ಮ ಅನ್ನ ಕಿತ್ತುಕೊಂಡರು, ಅದೂ ತಾವು ತಿನ್ನೋದಕ್ಕಲ್ಲ. ಅವರಿಗೆ ಹಸಿವಿಲ್ಲ ಅಂತ ನಮ್ಮ ಊಟದ ಬಿಡುವು ನಿಂತಿತು. ಅವರು ಕೂರಲ್ಲ ಅಂತ ಕಂಪನಿಯವರು ನಮ್ಮ ಸ್ಟೂಲುಗಳನ್ನು ಎತ್ತಿಕೊಂಡು ಹೋದರು. ಕೇಳಿದರೆ, ಅವರನ್ನು ನೋಡಿ ಕಲೀರಿ ಅಂತಾನೆ ಮೇಸ್ತ್ರಿ. ದುಡಿದು ಸತ್ತು ಸುಣ್ಣವಾದೆ ಅಂತ ಹಿಂದೆ ಮಾತುಮಾತಿಗೂ ಅನ್ನುತ್ತಿದ್ದೆವಲ್ಲ, ಈಗ ಆ ಮಾತು ಯಾರ ಬಾಯಲ್ಲೂ ಬರಲ್ಲ.

ನಿಮ್ಮಪ್ಪನನ್ನು ತಂದು ನನ್ನ ಎದುರಿಗೇ ನಿಲ್ಲಿಸಿದರು. ಎದ್ದವರು ಹೊಸಬರ ಕೈಗೆ ಒಗ್ಗಲ್ಲವಂತೆ, ಪರಿಚಯದ ಕೈ ಎದುರಿಗಿದ್ದರೆ ಮಾತ್ರ ಕಲೀತಾರಂತೆ. ದೊಡ್ಡ ಬೆಡ್‌ಶೀಟು ಮಡಚೋದು ಇಬ್ಬರ ಕೆಲಸ, ನಿನಗೆ ಗೊತ್ತು. ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು ಕೊಡವಿ, ಎದುರುಬದುರು ನಡೆದು ಬಂದು, ಒಬ್ಬರ ತುದಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಹಿಂದೆ ಸರಿಯಬೇಕು. ಬದುಕಿದ್ದಷ್ಟು ದಿನ ಮನೆಯಲ್ಲಿ ಒಂದು ಟವೆಲ್ ಮಡಚಿದ ಮನುಷ್ಯ ಅಲ್ಲ ನಿಮ್ಮಪ್ಪ. ಈಗ ನೋಡು, ಒಂದು ಸುಕ್ಕು ಬಿಡಲ್ಲ. ಮೊದಲ ದಿನ ನನಗೆ ನಗು ಬಂತು. ಆಮೇಲೆ ಅವರ ಕೈ ನನ್ನ ಕೈಗೆ ತಗುಲಿತು. ತಣ್ಣಗಿತ್ತು. ಆವತ್ತಿನಿಂದ ಪ್ರತಿ ಮಡಿಕೆಗೂ ಅವರು ನನ್ನ ಹತ್ತಿರ ಬರ್ತಾರೆ, ಮುಖದ ಹತ್ತಿರ ಮುಖ ತರ್ತಾರೆ, ತುದಿ ಕೊಟ್ಟು ಹೋಗ್ತಾರೆ. ನನ್ನನ್ನು ನೋಡಲ್ಲ ಕಣೇ. ಎಷ್ಟು ಸಲ ಬಂದರೂ ಒಂದು ಸಲವೂ ನೋಡಲ್ಲ.

ಅವರು ಸತ್ತ ದಿನ ಬೆಳಗ್ಗೆ ಹೊಸ್ತಿಲ ಮೇಲೆ ನಿಂತು, ಎಂದಿನ ಹಾಗೆ, ಬರ್ತೀನಿ ಅಂದಿದ್ದರು. ಬಂದರು. ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು ಅಂತ ಚಿಕ್ಕಂದಿನಲ್ಲಿ ನಿನ್ನ ತಲೆಗೆ ಎಷ್ಟು ಮೊಟಕಿದ್ದೀನಿ, ನೆನಪಿದೆಯಾ? ಈಗ ನಮ್ಮ ಸಾಲುಮನೆಗಳ ಮುದುಕಿಯರೇ ಮೊಮ್ಮಕ್ಕಳನ್ನು ಕೂರಿಸಿಕೊಂಡು, ಹೋಗ್ತೀನಿ ಅನ್ನಿ ಅಂತ ಹೇಳಿಕೊಡ್ತಿದ್ದಾರೆ. ಇಲ್ಲಿ ಯಾರಿಗೂ ವಾಪಸ್ ಬರೋದು ಬೇಡವಾಗಿದೆ.

ಮೊನ್ನೆ ಮೇಸ್ತ್ರಿ ಬಂದು ನಿಮ್ಮಪ್ಪನ ಕೆಲಸ ನೋಡಿ ತಲೆಯಾಡಿಸಿದ. ಇವರು ಬದುಕಿದ್ದಾಗ ಅಣ್ಣಾ ಅಣ್ಣಾ ಅಂತ ಬೆನ್ನು ಬಿಡದಿದ್ದವನು. ನನಗೆ ಹೇಳಿದ, "ಅದು ಚೆನ್ನಾಗಿ ಪಳಗಿದೆ ಅಕ್ಕಾ. ನಿಮ್ಮ ನಂತರ ಮಗಳು ಬಂದರೆ ಅವಳ ಕೈಗೂ ಒಗ್ಗುತ್ತೆ."

ಅದು ಅಂದ. ನನ್ನ ಗಂಡನನ್ನು ಅದು ಅಂದ. ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆ ಇದ್ದಿದ್ದರೆ ಏನು ಮಾಡ್ತಿದ್ದೆನೋ. ಆದರೆ ಬಡವನ ಕೋಪ ದವಡೆಗೆ ಮೂಲ ಅಂತ ನುಂಗಿಕೊಂಡೆ. ಮನೆಗೆ ಬಂದು ಯೋಚನೆ ಮಾಡಿದ ಮೇಲೆ ನಿನ್ನನ್ನು ಯಾಕೆ ಕರೀತಿದ್ದಾನೆ ಅಂತ ಅರ್ಥವಾಯಿತು. ಅವನಿಗೆ ಬೇಕಾಗಿರೋದು ನೀನಲ್ಲ, ನಿಮ್ಮಪ್ಪನಿಗೆ ಪರಿಚಯ ಇರುವ ನಿನ್ನ ಕೈ. ನಿಮ್ಮಪ್ಪ ಆ ತುದಿ ಹಿಡಿದು ನಿಂತಿರೋ ತನಕ ಅವನು ನಿನ್ನನ್ನು ಬಿಡಲ್ಲ. ಬಂದರೆ ಈ ಸಾಲುಮನೆಯಲ್ಲೇ ಇರ್ತೀಯ, ಇಲ್ಲೇ ಸಾಯ್ತೀಯ, ಇಲ್ಲೇ ಎದ್ದು ನಿಲ್ತೀಯ. ನಿನ್ನ ಎದುರಿಗೆ ನಿನ್ನ ಹೊಟ್ಟೆಯಲ್ಲಿ ಹುಟ್ಟಿದವರು ಬರ್ತಾರೆ. ಇದನ್ನು ನಾನು ಆಗಗೊಡಲ್ಲ.

ಬಾಯ್ಲರ್ ನೋಡಿಕೊಳ್ಳುವ ಅಣ್ಣನ ಹತ್ತಿರ ಮಾತಾಡಿದ್ದೀನಿ. ಅವನ ಹೆಂಡತಿಯೂ ಎದ್ದವರ ಸಾಲಿನಲ್ಲಿ ಟಬ್ಬು ತಿಕ್ಕುತ್ತಿದ್ದಾಳೆ, ಅವನಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮ ಬಾಯ್ಲರಿನದು ಹಳೇ ಕಾಲದ ಸೌದೆ ಒಲೆ, ಅದರ ಬಾಗಿಲು ಆಳೆತ್ತರ. ನಾಳೆ ಬೆಳಗ್ಗೆ ಪಾಳಿ ಬದಲಾಗುವಾಗ ಅವನು ಬಾಗಿಲು ತೆಗೆದಿಟ್ಟು ಆ ಕಡೆ ಹೋಗ್ತಾನೆ. ನಿಮ್ಮಪ್ಪನನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗಿ ಕಳಿಸಿಕೊಡ್ತೀನಿ. ಬೂದಿಯಾದವರನ್ನು ಯಾವ ಡಾಕ್ಟರನ ಸೂಜಿಯೂ ಎಬ್ಬಿಸಲಾರದು.

ನೀನು ನೇರವಾಗಿ ಚಿಕ್ಕಮ್ಮನ ಮನೆಗೆ ಹೋಗು. ಅವಳ ಹತ್ತಿರ ಎರಡನೇ ಹೊಲಿಗೆ ಮಿಷನ್ ಸುಮ್ಮನೆ ಬಿದ್ದಿದೆ. ಬಾಯಿ ಜೋರು, ಮನಸ್ಸು ಬೆಣ್ಣೆ. ಅವಳ ಜೊತೆ ವಾದಕ್ಕೆ ನಿಲ್ಲಬೇಡ, ಗೆಲ್ಲಲ್ಲ. ಈ ಕೆಲಸ ಮುಗಿಸಿ ನಾನೂ ಅಲ್ಲಿಗೇ ಬಂದು ಸೇರಿಕೊಳ್ತೀನಿ. ಹೊತ್ತುಹೊತ್ತಿಗೆ ಊಟ ಮಾಡು. ಕೂತು ಮಾಡು, ನಿಂತುಕೊಂಡು ತಿನ್ನಬೇಡ.

ಇಂತಿ ನಿನ್ನ,
ಅಮ್ಮ

ತಾ.ಕ.: ಚಿಕ್ಕಮ್ಮನ ಮನೆಯಲ್ಲಿ ನನ್ನ ದಾರಿ ಕಾಯಬೇಡ ಕಂದಾ. ಕೆಮ್ಮಿನ ವಿಷಯ ಮೇಲೆ ಸುಳ್ಳು ಬರೆದೆ. ಕೆಮ್ಮಿದರೆ ರಕ್ತ ಬರ್ತಿದೆ, ಮೇಸ್ತ್ರಿ ಅದನ್ನು ನೋಡಿಯೇ "ನಿಮ್ಮ ನಂತರ" ಅಂದಿದ್ದು. ಇನ್ನೊಂದು ಮಾತನ್ನೂ ಮುಚ್ಚಿಟ್ಟಿದ್ದೆ. ಎದ್ದವರನ್ನು ಹಿಂದಿನಿಂದ ಎಷ್ಟು ತಳ್ಳಿದರೂ ಒಂದು ಹೆಜ್ಜೆ ಇಡಲ್ಲ. ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದವರು ಮುಂದೆ ಮುಂದೆ ನಡೆದರೆ ಮಾತ್ರ ನಿಮ್ಮಪ್ಪ ಹಿಂದೆ ಬರ್ತಾರೆ. ಆ ಬಾಗಿಲಿನ ಒಳಗೂ ಹಾಗೇ. ಈ ಸಲ ಬರ್ತೀನಿ ಅನ್ನಲ್ಲ, ಅಮ್ಮನ ಮೇಲೆ ಸಿಟ್ಟಾಗಬೇಡ. ಹೋಗ್ತೀನಿ.